ಮರದ ಮತ್ತು ಲ್ಯಾಮಿನೇಟ್ ನೆಲಕ್ಕೆ ಅಂಡರ್‌ಲೇ ಆರಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಲ್ಯಾಮಿನೇಟ್ ಹಾಸಿ ವರ್ಷ ತುಂಬುವ ಮೊದಲೇ ಹಲಗೆಗಳ ನಡುವೆ ಸಂದು ಬಿಟ್ಟುಕೊಂಡಿದೆ, ನಡೆದಾಗ ನೆಲ ಕೆಳಗಿಳಿದಂತಾಗುತ್ತದೆ, ಅಂಚುಗಳು ಉಬ್ಬಿವೆ ಎಂಬ ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಬೈಗುಳ ಸಾಮಾನ್ಯವಾಗಿ ಹಲಗೆಗೆ ಬೀಳುತ್ತದೆ. ಆದರೆ ಹಲಗೆಗಳನ್ನು ಎತ್ತಿ ನೋಡಿದರೆ ಹಲವು ಸಲ ತೊಂದರೆಯ ಮೂಲ ಅದರಡಿಯ ತೆಳುಪದರದಲ್ಲಿ, ಅಂದರೆ ಅಂಡರ್‌ಲೇಯಲ್ಲಿ ಇರುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ದಪ್ಪವನ್ನು, ಆಮೇಲೆ ಮಾಡುವುದು ಹೆಬ್ಬೆರಳಿನಿಂದ ಒತ್ತಿ ಮೆತ್ತಗಿದೆಯೇ ಎಂಬ ಪರೀಕ್ಷೆಯನ್ನು. ಈ ಎರಡರಿಂದಲೂ ಸರಿಯಾದ ಆಯ್ಕೆ ಆಗುವುದಿಲ್ಲ. ಅಂಡರ್‌ಲೇಯನ್ನು ಕೆಳಗಿನಿಂದ ಮೇಲಕ್ಕೆ ಆರಿಸಬೇಕು: ಮೊದಲು ನೆಲ, ಅದರ ತೇವ, ಅದರ ಮಟ್ಟ, ನಂತರ ಭಾರ, ಸದ್ದು ಮತ್ತು ಶಾಖ. ದಪ್ಪದ ಪ್ರಶ್ನೆ ಇವೆಲ್ಲ ತೀರ್ಮಾನವಾದ ಮೇಲೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಜೋಡಿಸಲಾಗಿದೆ; ಕ್ರಮ ತಪ್ಪಿಸಿದರೆ ಮುಂದಿನ ಹಂತದ ಉತ್ತರವೂ ತಪ್ಪಾಗುತ್ತದೆ.

ಕೈಯಲ್ಲಿರಬೇಕಾದ ಸಲಕರಣೆಗಳು

ಎರಡು ಮೀಟರ್ ಉದ್ದದ, ಬಾಗದ ನೇರ ಪಟ್ಟಿ ಅಥವಾ ಉದ್ದನೆಯ ರಸಮಟ್ಟ, ಅಳತೆ ಟೇಪು, ಸಂದಿಗೆ ತೂರಿಸಿ ಅಳೆಯಲು ದಪ್ಪ ಗೊತ್ತಿರುವ ಕೆಲವು ತೆಳು ಬಿಲ್ಲೆಗಳು, ಒಂದು ಮೀಟರ್ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಬಿಗಿಯಾಗಿ ಅಂಟುವ ಅಗಲವಾದ ಟೇಪು, ಸೀಮೆಸುಣ್ಣ ಹಾಗೂ ಮರದ ತೇವಾಂಶ ಅಳೆಯುವ ಮೀಟರ್ ಇರಬೇಕು. ಹಾಸುವ ಹೊತ್ತಿಗೆ ಹರಿತವಾದ ಕಟ್ಟರ್ ಮತ್ತು ಧೂಳೆಳೆಯುವ ಯಂತ್ರವೂ ಬೇಕು. ಮೀಟರನ್ನು ಬಾಡಿಗೆಗೆ ತಂದರೆ ಸಾಕು, ಆದರೆ ನೇರ ಪಟ್ಟಿಯ ಬದಲು ಸಿಕ್ಕಿದ ಮರದ ರೀಪನ್ನು ಬಳಸಬಾರದು. ಅದೇ ಬಾಗಿದ್ದರೆ ನೆಲದ ತಗ್ಗು ಕಾಣಿಸುವುದೇ ಇಲ್ಲ.

ಹಂತ 1: ಅಂಡರ್‌ಲೇ ಬೇಕೇ ಬೇಡವೇ ಎಂದು ಮೊದಲು ನಿರ್ಧರಿಸಿ

ಎಲ್ಲ ಮರದ ನೆಲಕ್ಕೂ ಅಂಡರ್‌ಲೇ ಬೇಕಿಲ್ಲ. ಹಲಗೆ ಅಡಿನೆಲಕ್ಕೆ ಹೇಗೆ ಹಿಡಿದುಕೊಳ್ಳುತ್ತದೆ ಎಂಬುದರ ಮೇಲೆ ಇದು ನಿಂತಿದೆ.

ಒಂದಕ್ಕೊಂದು ಮಾತ್ರ ಕಚ್ಚಿಕೊಂಡು, ನೆಲಕ್ಕೆ ಎಲ್ಲಿಯೂ ಅಂಟದೆ ಸಡಿಲವಾಗಿ ಕೂರುವ ಲ್ಯಾಮಿನೇಟ್ ಮತ್ತು ಎಂಜಿನಿಯರ್ಡ್ ಹಲಗೆಗಳಿಗೆ (ಪ್ಲೈವುಡ್‌ನಂಥ ಪದರಗಳ ಮೇಲೆ ನಿಜವಾದ ಮರದ ತೆಳುಪದರ ಅಂಟಿಸಿದವು) ಅಂಡರ್‌ಲೇ ಬೇಕೇ ಬೇಕು. ಮೊಳೆ ಹೊಡೆದು ಕೂರಿಸುವ ಘನ ಮರದ ಹಲಗೆಗಳಡಿಯಲ್ಲಿ ಮೆತ್ತನೆಯ ಫೋಮ್ ಹಾಕಬಾರದು. ಫೋಮ್ ಕುಗ್ಗಿ ಹಿಗ್ಗುವಾಗ ಮೊಳೆ ಸಡಿಲಗೊಂಡು ನೆಲ ಕಿರುಗುಟ್ಟಲು ತೊಡಗುತ್ತದೆ. ಅಲ್ಲಿ ತೇವದ ಚಲನೆಯನ್ನು ನಿಧಾನಗೊಳಿಸುವ ಡಾಂಬರು ಲೇಪಿತ ಕಾಗದದಂಥ ತೆಳು ಹಾಳೆ ಮಾತ್ರ ಸಾಕು. ಪೂರ್ತಿ ಅಂಟಿನಿಂದ ಕೂರಿಸುವ ನೆಲದಲ್ಲಿ ಸಡಿಲವಾದ ಹಾಳೆಗೆ ಜಾಗವೇ ಇಲ್ಲ. ತೇವ ತಡೆಯಬೇಕಿದ್ದರೆ ಕಾಂಕ್ರೀಟಿನ ಮೇಲೆ ಬಳಿಯುವ ದ್ರವರೂಪದ ಲೇಪನವನ್ನೂ, ಸದ್ದು ತಡೆಯಬೇಕಿದ್ದರೆ ಎರಡೂ ಬದಿ ಅಂಟಿಸಲೆಂದೇ ತಯಾರಾದ ಹಾಸನ್ನೂ ಬಳಸಬೇಕು.

ಮತ್ತೊಂದು ಸಂದರ್ಭವನ್ನು ಬಹಳ ಜನ ಗಮನಿಸುವುದಿಲ್ಲ. ಕೆಲವು ಹಲಗೆಗಳ ಬೆನ್ನಿಗೆ ಕಾರ್ಖಾನೆಯಲ್ಲೇ ಫೋಮ್ ಅಥವಾ ಕಾರ್ಕ್ ಅಂಟಿಸಿರುತ್ತಾರೆ. ಅದರಡಿ ಇನ್ನೊಂದು ಅಂಡರ್‌ಲೇ ಹಾಕಿದರೆ ಎರಡು ಮೆತ್ತನೆಯ ಪದರಗಳು ಸೇರಿ ಹಲಗೆಯ ಲಾಕ್‌ಗೆ, ಅಂದರೆ ಅಂಚಿನಲ್ಲಿ ಪಕ್ಕದ ಹಲಗೆಯನ್ನು ಕಚ್ಚಿಹಿಡಿಯುವ ನಾಲಿಗೆಗೆ, ತಡೆಯಲಾಗದಷ್ಟು ಬಾಗುವಿಕೆ ಉಂಟಾಗುತ್ತದೆ. ಅಂಥ ಕಡೆ ಅಗತ್ಯವಿದ್ದರೆ ತೇವ ತಡೆಯುವ ತೆಳು ಹಾಳೆಯನ್ನು ಮಾತ್ರ ಹಾಸಬೇಕು. ಡಬ್ಬಿಯೊಳಗಿನ ಸೂಚನಾ ಪತ್ರದಲ್ಲಿ ಈ ವಿಷಯ ಇದ್ದೇ ಇರುತ್ತದೆ. ಹಲಗೆ ತಯಾರಕರ ಮಾತಿಗೂ ಅಂಡರ್‌ಲೇ ಮಾರುವವರ ಮಾತಿಗೂ ಹೊಂದಾಣಿಕೆ ಇಲ್ಲದಿದ್ದರೆ ಹಲಗೆ ತಯಾರಕರ ಮಾತನ್ನೇ ಪಾಲಿಸಿ. ವಾರಂಟಿ ಕೊಡುವವರು ಅವರು.

ಹಂತ 2: ಅಡಿನೆಲ ಯಾವುದೆಂದು ಗುರುತಿಸಿ

ಕಾಂಕ್ರೀಟ್, ಸಿಮೆಂಟ್ ಗಾರೆ, ಟೈಲ್ಸ್ ಮತ್ತು ಕಲ್ಲಿನ ನೆಲಗಳೆಲ್ಲ ಒಂದು ಗುಂಪು. ಪ್ಲೈವುಡ್, ಚಿಪ್‌ಬೋರ್ಡ್ ಮತ್ತು ಹಳೆಯ ಮರದ ಹಲಗೆಗಳು ಇನ್ನೊಂದು ಗುಂಪು. ಈ ವಿಂಗಡಣೆ ಸರಳವಾಗಿ ಕಂಡರೂ ಮುಂದಿನ ಮುಖ್ಯ ತೀರ್ಮಾನ ಇದರ ಮೇಲೆಯೇ ನಿಲ್ಲುತ್ತದೆ: ಮೊದಲ ಗುಂಪಿನ ಮೇಲೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕಲೇಬೇಕು, ಎರಡನೆಯ ಗುಂಪಿನ ಮೇಲೆ ಸಾಮಾನ್ಯವಾಗಿ ಹಾಕಬಾರದು.

ತೊಲೆಗಳ ಮೇಲೆ ನಿಂತ ಮರದ ನೆಲದಲ್ಲಿ ತೇವ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾದುಹೋಗುತ್ತಿರುತ್ತದೆ. ಅದರ ದಾರಿಗೆ ಪ್ಲಾಸ್ಟಿಕ್ ಅಡ್ಡ ಹಾಕಿದರೆ ನೀರು ಹಾಳೆಯ ಅಡಿಯಲ್ಲೇ ಕೂಡಿಕೊಂಡು ಅಡಿಯ ಮರ ಕೊಳೆಯುತ್ತದೆ. ನೆಲದಡಿ ಮಣ್ಣು ಕಾಣುವ ಟೊಳ್ಳು ಜಾಗ ಇದ್ದರೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕಾದದ್ದು ಆ ಮಣ್ಣಿನ ಮೇಲೆ. ಮೇಲೆ ಬಳಸುವ ಅಂಡರ್‌ಲೇ ಆವಿಗೆ ದಾರಿ ಬಿಡುವಂಥದ್ದಾಗಿರಬೇಕು.

ಟೈಲ್ಸ್ ಹಾಕಿದ ನೆಲಕ್ಕೆ ತೇವದ ಭಯವಿಲ್ಲ ಎಂಬ ನಂಬಿಕೆ ತಪ್ಪು. ಟೈಲ್ಸ್ ನಡುವಿನ ಸಂದುಗಳಿಂದ ಆವಿ ಏರುತ್ತದೆ. ಹಳೆಯ ಕಾರ್ಪೆಟ್ ಇದ್ದರೆ ಅದನ್ನು ಪೂರ್ತಿಯಾಗಿ ಕಿತ್ತು ತೆಗೆಯಬೇಕು. ಅದನ್ನೇ ಅಂಡರ್‌ಲೇ ಎಂದು ಬಳಸಿಕೊಳ್ಳುವುದು ಉಳಿತಾಯವಾಗಿ ತೋರಬಹುದು, ಆದರೆ ಅಷ್ಟು ಮೆತ್ತನೆಯ ಹಾಸಿನ ಮೇಲೆ ಯಾವ ಕ್ಲಿಕ್ ಲಾಕ್ ಕೂಡ ಬಾಳುವುದಿಲ್ಲ.

ಹಂತ 3: ತೇವವನ್ನು ಅಳೆಯಿರಿ, ಊಹಿಸಬೇಡಿ

ಅತಿ ಹೆಚ್ಚು ನೆಲಗಳು ಕೆಡುವುದು ಈ ಹಂತವನ್ನು ಬಿಟ್ಟದ್ದರಿಂದ. ಮೇಲ್ಮೈ ಒಣಗಿ ಬಿಳಿಚಿಕೊಂಡಿದ್ದರೂ ಕಾಂಕ್ರೀಟಿನ ಒಳಗೆ ನೀರು ಉಳಿದಿರುತ್ತದೆ. ಸಿಮೆಂಟ್ ಗಾರೆ ಒಣಗುವ ಬಗ್ಗೆ ಕಟ್ಟಡ ಕೆಲಸದಲ್ಲಿ ಬಳಸುವ ಅಂದಾಜು ಲೆಕ್ಕ ಹೀಗಿದೆ: ಮೊದಲ 50 ಮಿ.ಮೀ. ದಪ್ಪಕ್ಕೆ ಪ್ರತಿ ಮಿಲಿಮೀಟರಿಗೆ ಒಂದು ದಿನ, ಅದಕ್ಕಿಂತ ಹೆಚ್ಚಿನ ದಪ್ಪಕ್ಕೆ ಪ್ರತಿ ಮಿಲಿಮೀಟರಿಗೆ ಎರಡು ದಿನ. ಅಂದರೆ 75 ಮಿ.ಮೀ. ಗಾರೆಗೆ ಗಾಳಿ ಬೆಳಕು ಚೆನ್ನಾಗಿದ್ದರೂ ಸುಮಾರು 100 ದಿನ ಬೇಕು. ಗಾಳಿ ಆಡದ ಅಥವಾ ತಂಪಾದ ಕೋಣೆಯಲ್ಲಿ ಇದು ಇನ್ನೂ ನಿಧಾನ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಪ್ಲಾಸ್ಟಿಕ್ ಹಾಳೆಯದು. ಹಾಳೆಯನ್ನು ಗುಡಿಸಿದ ಕಾಂಕ್ರೀಟಿನ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿ ಸೋರದಂತೆ ಟೇಪಿನಿಂದ ಮುಚ್ಚಿ, 24ರಿಂದ 72 ಗಂಟೆ ಬಿಡಬೇಕು. ತೆಗೆದಾಗ ಹಾಳೆಯ ಒಳಬದಿಯಲ್ಲಿ ಹನಿಗಳು ಕಂಡರೆ ಅಥವಾ ಅಡಿಯ ಕಾಂಕ್ರೀಟ್ ಸುತ್ತಲಿಗಿಂತ ಕಪ್ಪಾಗಿದ್ದರೆ ನೆಲ ಇನ್ನೂ ಸಿದ್ಧವಾಗಿಲ್ಲ. ಆದರೆ ಹನಿ ಕಾಣದಿದ್ದ ಮಾತ್ರಕ್ಕೆ ನೆಲ ಒಣಗಿದೆ ಎಂದು ಖಚಿತವಾಗುವುದಿಲ್ಲ. ಆಳದಲ್ಲಿರುವ ನೀರು ಇಷ್ಟು ಕಡಿಮೆ ಅವಧಿಯಲ್ಲಿ ಮೇಲೆ ಬಾರದೇ ಇರಬಹುದು. ಈ ಪರೀಕ್ಷೆ "ಬೇಡ" ಎನ್ನಬಲ್ಲದು, "ಸರಿ" ಎನ್ನಲಾರದು.

ನಂಬಬಹುದಾದ ಪರೀಕ್ಷೆಗಳು ಎರಡು. ಮೊದಲನೆಯದರಲ್ಲಿ ಕಾಂಕ್ರೀಟಿನ ದಪ್ಪದ 40 ಶೇಕಡಾ ಆಳಕ್ಕೆ ರಂಧ್ರ ಕೊರೆದು, ಸಂವೇದಕ ಇಳಿಸಿ, ಒಳಗಿನ ಸಾಪೇಕ್ಷ ಆರ್ದ್ರತೆಯನ್ನು ಕನಿಷ್ಠ ಒಂದು ದಿನದ ನಂತರ ಓದುತ್ತಾರೆ. ಮರದ ನೆಲಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 75 ಶೇಕಡಾ. ಎರಡನೆಯದರಲ್ಲಿ ಗಾರೆಯ ಚೂರನ್ನು ಪುಡಿಮಾಡಿ ಉಕ್ಕಿನ ಬಾಟಲಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಜೊತೆ ಸೇರಿಸುತ್ತಾರೆ. ನೀರಿದ್ದಷ್ಟು ಅನಿಲ ಹುಟ್ಟಿ, ಒತ್ತಡಮಾಪಕದ ಮುಳ್ಳು ಏರುತ್ತದೆ. ಈ ವಿಧಾನದಲ್ಲಿ ಸಿಮೆಂಟ್ ಗಾರೆಗೆ ಮಿತಿ 2.0 ಶೇಕಡಾ, ನೆಲದಡಿ ಬಿಸಿನೀರಿನ ಕೊಳವೆಗಳಿದ್ದರೆ 1.8 ಶೇಕಡಾ. ಮರಕ್ಕೆಂದು ಮಾಡಿದ ಎರಡು ಮುಳ್ಳಿನ ಮೀಟರನ್ನು ಕಾಂಕ್ರೀಟಿಗೆ ಚುಚ್ಚಿ ಬಂದ ಅಂಕಿಯನ್ನು ಈ ಮಿತಿಗಳೊಂದಿಗೆ ಹೋಲಿಸಬಾರದು. ಕೋಣೆಯ ಯಾವ ಮೂಲೆ ಹೆಚ್ಚು ತೇವವಾಗಿದೆ ಎಂದು ತಿಳಿಯಲು ಮಾತ್ರ ಅದು ನೆರವಾದೀತು.

ಪ್ಲೈವುಡ್ ಅಡಿನೆಲಕ್ಕೆ ಆ ಮೀಟರ್ ಸರಿಯಾದ ಸಾಧನ. ತೇವಾಂಶ 12 ಶೇಕಡಾ ಮೀರಿರಬಾರದು. ಜೊತೆಗೆ ಅಡಿನೆಲಕ್ಕೂ ಹಾಸಲಿರುವ ಮರದ ಹಲಗೆಗೂ ಇರುವ ಅಂತರವನ್ನು ನೋಡಬೇಕು: ಕಿರಿದಾದ ಹಲಗೆಗಳಲ್ಲಿ 4 ಶೇಕಡಾ ಅಂಶದವರೆಗೆ ನಡೆಯುತ್ತದೆ, ಮೂರು ಅಂಗುಲ ಅಥವಾ ಅದಕ್ಕಿಂತ ಅಗಲವಾದ ಹಲಗೆಗಳಲ್ಲಿ 2 ಶೇಕಡಾ ಅಂಶ ಮೀರಬಾರದು.

ತೇವ ಮಿತಿಯೊಳಗೆ ಇದ್ದರೂ ಕಾಂಕ್ರೀಟಿನ ಮೇಲೆ ಆವಿತಡೆ ಹಾಳೆ ಬೇಕು. ಅದರ ಶಕ್ತಿಯನ್ನು ಪೊಟ್ಟಣದ ಮೇಲೆ ಎಸ್‌ಡಿ ಎಂಬ ಅಂಕಿಯಲ್ಲಿ ಮೀಟರ್ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ. ಎಷ್ಟು ಮೀಟರ್ ದಪ್ಪದ ನಿಶ್ಚಲ ಗಾಳಿಯಷ್ಟು ಈ ಹಾಳೆ ಆವಿಯನ್ನು ತಡೆಯುತ್ತದೆ ಎಂಬುದು ಅದರ ಅರ್ಥ. ಲ್ಯಾಮಿನೇಟ್ ಅಡಿಯಲ್ಲಿ 75 ಮೀಟರ್ ಅಥವಾ ಹೆಚ್ಚು ಇರಬೇಕು. 0.2 ಮಿ.ಮೀ. ದಪ್ಪದ ಪಾಲಿಥೀನ್ ಹಾಳೆಯನ್ನು ಈ ಕೆಲಸಕ್ಕೆ ಬಳಸುವುದು ರೂಢಿ. ಬರೀ ಫೋಮ್ ಹಾಸನ್ನು "ಇದು ನೀರು ಹೀರುವುದಿಲ್ಲ" ಎಂಬ ಕಾರಣಕ್ಕೆ ಆವಿತಡೆ ಎಂದು ತಿಳಿಯುವುದು ತೀರಾ ಸಾಮಾನ್ಯ ತಪ್ಪು. ನೀರನ್ನು ಹೀರದಿರುವುದು ಬೇರೆ, ಆವಿಯನ್ನು ಬಿಡದಿರುವುದು ಬೇರೆ.

ಇನ್ನೊಂದು ಮಾತು. ಮಿತಿ ಮೀರಿದ ತೇವಕ್ಕೆ, ಗೋಡೆಯ ಸೋರಿಕೆಗೆ ಅಥವಾ ನೆಲದಡಿ ನೀರು ಒಸರುವುದಕ್ಕೆ ಯಾವ ಹಾಳೆಯೂ ಪರಿಹಾರವಲ್ಲ. ಅಲ್ಲಿ ಮೊದಲು ಮೂಲವನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಅಂಡರ್‌ಲೇ ಖರೀದಿಯನ್ನೇ ಮುಂದೂಡಬೇಕು.

ಹಂತ 4: ನೆಲ ಸಮತಟ್ಟಾಗಿದೆಯೇ ನೋಡಿ

ಎರಡು ಮೀಟರ್ ಪಟ್ಟಿಯನ್ನು ನೆಲದ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಮತ್ತು ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಬೆಳಕು ಕಾಣುವ ಕಡೆ ಬಿಲ್ಲೆ ತೂರಿಸಿ ಅಳೆಯಬೇಕು. ಬಹಳಷ್ಟು ತಯಾರಕರು ಎರಡು ಮೀಟರಿಗೆ 2ರಿಂದ 3 ಮಿ.ಮೀ. ವ್ಯತ್ಯಾಸವನ್ನು ಒಪ್ಪುತ್ತಾರೆ. ಅದಕ್ಕಿಂತ ಆಳದ ತಗ್ಗುಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ತಾನಾಗಿ ಹರಡಿ ಮಟ್ಟವಾಗುವ ಲೆವೆಲಿಂಗ್ ಮಿಶ್ರಣದಿಂದ ತುಂಬಬೇಕು. ಉಬ್ಬುಗಳನ್ನು ಉಜ್ಜಿ ತೆಗೆಯಬೇಕು. ನೆಲ ಒಂದು ಕಡೆಗೆ ಇಳಿಜಾರಾಗಿದ್ದರೂ ಸಮತಟ್ಟಾಗಿದ್ದರೆ ಸಡಿಲ ನೆಲಕ್ಕೆ ತೊಂದರೆಯಿಲ್ಲ. ಇಲ್ಲಿ ಬೇಕಾದದ್ದು ಸಪಾಟು, ಮಟ್ಟವಲ್ಲ.

ತಗ್ಗು ಮುಚ್ಚಲೆಂದು ದಪ್ಪ ಅಂಡರ್‌ಲೇ ಕೊಳ್ಳುವುದು ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಮೆತ್ತನೆಯ ಹಾಸು ತಗ್ಗಿನಲ್ಲಿ ತಾನೂ ತಗ್ಗಾಗಿ ಕೂರುತ್ತದೆ, ಹಲಗೆ ಅದರ ಮೇಲೆ ಸೇತುವೆಯಂತೆ ನಿಲ್ಲುತ್ತದೆ, ಕಾಲಿಟ್ಟಾಗಲೆಲ್ಲ ಬಾಗುತ್ತದೆ. ಅಂಡರ್‌ಲೇ ನುಂಗಿಕೊಳ್ಳಬಲ್ಲದ್ದು ಮರಳು ಕಣದಷ್ಟು, ಗಾರೆಯ ಸಣ್ಣ ಗಂಟಿನಷ್ಟು ಏರುಪೇರನ್ನು ಮಾತ್ರ. ಇದನ್ನು ಪೊಟ್ಟಣದ ಮೇಲೆ ಪಿಸಿ ಎಂಬ ಅಂಕಿಯಾಗಿ ಕೊಡುತ್ತಾರೆ, 0.5 ಮಿ.ಮೀ. ಅಥವಾ ಹೆಚ್ಚಿದ್ದರೆ ಸಾಕು. ಒಂದೇ ಪದರದ ಬದಲು ಎರಡು ಪದರ ಹಾಸುವವರೂ ಇದ್ದಾರೆ. ಅದೂ ಇದೇ ತಪ್ಪಿನ ಇನ್ನೊಂದು ರೂಪ.

ಹಂತ 5: ಭಾರ ತಡೆಯುವ ಶಕ್ತಿಯನ್ನು ಓದಿ

ಯುರೋಪಿನ ಇಎನ್ 16354 ಮಾನದಂಡದಂತೆ ಪರೀಕ್ಷಿಸಿದ ಅಂಡರ್‌ಲೇಗಳ ಪೊಟ್ಟಣದ ಮೇಲೆ ಸಿಎಸ್ ಎಂಬ ಅಂಕಿ ಇರುತ್ತದೆ. ಹಾಸು ಅರ್ಧ ಮಿಲಿಮೀಟರ್ ಕುಗ್ಗಲು ಎಷ್ಟು ಒತ್ತಡ ಬೇಕು ಎಂಬುದನ್ನು ಅದು ಕಿಲೋಪಾಸ್ಕಲ್‌ಗಳಲ್ಲಿ ಹೇಳುತ್ತದೆ. ಲ್ಯಾಮಿನೇಟ್ ಅಡಿಯಲ್ಲಿ ಕನಿಷ್ಠ 10, ಚೆನ್ನಾಗಿ ಬಾಳಬೇಕೆಂದರೆ 60 ಅಥವಾ ಹೆಚ್ಚು ಇರಬೇಕೆಂಬುದು ಅಲ್ಲಿನ ತಯಾರಕರ ಶಿಫಾರಸು. ಮನೆಯಲ್ಲಿ ಜನ ಓಡಾಡುವ ಹಜಾರ, ಊಟದ ಮೇಜು, ಪುಸ್ತಕದ ಕಪಾಟು ಇರುವ ಕೋಣೆಗಳಿಗೆ 60ರ ಕೆಳಗಿನ ಸರಕನ್ನು ಪರಿಗಣಿಸದಿರುವುದೇ ಒಳ್ಳೆಯದು.

10 ಕಿಲೋಪಾಸ್ಕಲ್ ಎಂದರೆ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ. ಮನೆಗೆ ಇಷ್ಟು ಸಾಲದೇ ಎಂದು ಅನ್ನಿಸಬಹುದು. ಆದರೆ ಮನೆಯ ಭಾರ ಚದರ ಮೀಟರಿಗೆ ಹರಡಿಕೊಂಡು ಬೀಳುವುದಿಲ್ಲ. 70 ಕೆ.ಜಿ. ತೂಕದ ವ್ಯಕ್ತಿ ನಡೆಯುವಾಗ ಒಂದು ಹಿಮ್ಮಡಿಯ 25 ಚದರ ಸೆಂ.ಮೀ. ಜಾಗದ ಮೇಲೆ ಅಷ್ಟೂ ತೂಕ ಬಿದ್ದರೆ, ಆ ಕ್ಷಣ ಅಲ್ಲಿನ ಒತ್ತಡ ಸುಮಾರು 275 ಕಿಲೋಪಾಸ್ಕಲ್. ಹಲಗೆ ಈ ಭಾರವನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ ನಿಜ, ಆದರೆ ಎರಡು ಹಲಗೆಗಳು ಕೂಡುವ ಅಂಚಿನಲ್ಲಿ ಹಂಚಲು ಇರುವುದು ಕೆಲವೇ ಮಿಲಿಮೀಟರ್ ದಪ್ಪದ ಲಾಕ್ ಮಾತ್ರ. ಅಡಿಯ ಹಾಸು ಕುಗ್ಗಿದಾಗಲೆಲ್ಲ ಆ ತೆಳು ನಾಲಿಗೆ ಬಾಗುತ್ತದೆ. ಸಾವಿರಾರು ಸಲ ಬಾಗಿದ ಮೇಲೆ ಮುರಿಯುತ್ತದೆ. ಮೆತ್ತನೆಯ ಅಂಡರ್‌ಲೇ ಕಾಲಿಗೆ ಹಿತವೆನಿಸುವುದು ಈ ಬಾಗುವಿಕೆಯ ಕಾರಣಕ್ಕೇ, ನೆಲ ಕೆಡುವುದೂ ಅದರಿಂದಲೇ.

ಇನ್ನೆರಡು ಅಂಕಿಗಳನ್ನೂ ನೋಡಿ. ಸಿಸಿ ಎಂಬುದು ಕಪಾಟು, ಮಂಚಗಳಂತೆ ವರ್ಷಗಟ್ಟಲೆ ಒಂದೇ ಕಡೆ ನಿಲ್ಲುವ ಭಾರಕ್ಕೆ ಸಂಬಂಧಿಸಿದ್ದು. ಕನಿಷ್ಠ 2 ಕಿಲೋಪಾಸ್ಕಲ್, ಭಾರವಾದ ಪೀಠೋಪಕರಣಗಳಿದ್ದರೆ 20 ಇರಬೇಕು. ಡಿಎಲ್ ಎಂಬುದು ಮತ್ತೆ ಮತ್ತೆ ಬೀಳುವ ಭಾರವನ್ನು ಎಷ್ಟು ಸಲ ತಡೆಯುತ್ತದೆ ಎಂಬ ಎಣಿಕೆ. 10,000 ಕನಿಷ್ಠ, 1,00,000 ಉತ್ತಮ. ಇವು ಯಾವುವೂ ಮುದ್ರಿತವಾಗಿರದೆ "ಅತ್ಯುತ್ತಮ", "ಪ್ರೀಮಿಯಂ" ಎಂಬ ಮಾತುಗಳಷ್ಟೇ ಇರುವ ಪೊಟ್ಟಣವನ್ನು ಹಾಗೆಯೇ ಹಿಂದಿಡಿ.

ವಿನೈಲ್ ಕ್ಲಿಕ್ ಹಲಗೆಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವು ಇನ್ನೂ ತೆಳುವಾಗಿರುವುದರಿಂದ ಕನಿಷ್ಠ 200 ಕಿಲೋಪಾಸ್ಕಲ್ ಬೇಕು. ಲ್ಯಾಮಿನೇಟ್‌ಗೆಂದು ತಂದು ಉಳಿದ ಅಂಡರ್‌ಲೇಯನ್ನು ಪಕ್ಕದ ಕೋಣೆಯ ವಿನೈಲ್ ಅಡಿಗೆ ಹಾಕಬೇಡಿ.

ಹಂತ 6: ಯಾವ ಸದ್ದನ್ನು ತಡೆಯಬೇಕೆಂದು ತೀರ್ಮಾನಿಸಿ

ಸದ್ದಿನ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಬಿಡುತ್ತಾರೆ. ಒಂದು, ಕೆಳಗಿನ ಮನೆಯವರಿಗೆ ಕೇಳುವ ಹೆಜ್ಜೆಯ ಸದ್ದು. ಇದನ್ನು ಐಎಸ್ ಎಂಬ ಅಂಕಿ ಡೆಸಿಬಲ್‌ಗಳಲ್ಲಿ ಹೇಳುತ್ತದೆ. 14 ಕನಿಷ್ಠ, 18 ಅಥವಾ ಹೆಚ್ಚು ಉತ್ತಮ. ಇನ್ನೊಂದು, ಅದೇ ಕೋಣೆಯಲ್ಲಿ ನಡೆಯುವವರಿಗೇ ಕೇಳುವ ಟಕಟಕ ಸದ್ದು; ಇದಕ್ಕೆ ಆರ್‌ಡಬ್ಲ್ಯುಎಸ್ ಎಂಬ ಬೇರೆ ಅಂಕಿ. ಕೆಳಗೆ ಯಾರೂ ವಾಸವಿಲ್ಲದ ನೆಲಮಹಡಿಯಲ್ಲಿ ಮೊದಲನೆಯ ಅಂಕಿಗೆ ಹಣ ಸುರಿಯುವುದು ವ್ಯರ್ಥ. ಎರಡನೆಯದಕ್ಕೆ ಹಗುರವಾದ ಫೋಮ್‌ಗಿಂತ ರಬ್ಬರ್ ಅಥವಾ ಖನಿಜ ಬೆರೆತ ಪಾಲಿಯುರೆಥೇನ್‌ನಂಥ ತೂಕದ ಹಾಸುಗಳು ಹೆಚ್ಚು ನೆರವಾಗುತ್ತವೆ.

ಪ್ರಯೋಗಾಲಯದಲ್ಲಿ ಈ ಅಂಕಿಗಳನ್ನು ದಪ್ಪ ಕಾಂಕ್ರೀಟ್ ಚಪ್ಪಡಿಯ ಮೇಲೆ ಅಳೆದಿರುತ್ತಾರೆ. ಮರದ ತೊಲೆಗಳ ಮಹಡಿಯಲ್ಲಿ ಅಷ್ಟೇ ಲಾಭ ಸಿಗುತ್ತದೆ ಎಂದು ನಂಬಬೇಡಿ. ಅಮೆರಿಕದ ಸರಕುಗಳ ಮೇಲೆ ಐಐಸಿ ಎಂಬ ಬೇರೆ ಅಂಕಿ ಇರುತ್ತದೆ. ಅದು ಚಪ್ಪಡಿ, ಹಲಗೆ, ಕೆಲವೊಮ್ಮೆ ಕೆಳಗಿನ ತೂಗುಛಾವಣಿ ಎಲ್ಲ ಸೇರಿದ ಒಟ್ಟು ವ್ಯವಸ್ಥೆಯ ಅಂಕಿಯೇ ಹೊರತು ಅಂಡರ್‌ಲೇ ಒಂದರದ್ದಲ್ಲ. ತೂಗುಛಾವಣಿ ಇಟ್ಟು ಅಳೆದ 70ರ ಅಂಕಿಯನ್ನು ತೂಗುಛಾವಣಿ ಇಲ್ಲದೆ ಅಳೆದ 55ರ ಜೊತೆ ಹೋಲಿಸಿ ಮೊದಲನೆಯದೇ ಉತ್ತಮ ಎನ್ನಲಾಗದು.

ಹಂತ 7: ನೆಲದಡಿ ಬಿಸಿ ವ್ಯವಸ್ಥೆ ಇದ್ದರೆ

ಇಲ್ಲದವರು ಮುಂದಿನ ಹಂತಕ್ಕೆ ಹೋಗಬಹುದು. ಇರುವವರು ಒಂದು ಕೂಡುವ ಲೆಕ್ಕ ಮಾಡಬೇಕು: ಹಲಗೆಯ ಮತ್ತು ಅಂಡರ್‌ಲೇಯ ಶಾಖನಿರೋಧ, ಅಂದರೆ ಆರ್ ಬೆಲೆ, ಎರಡೂ ಸೇರಿ 0.15 (ಚದರ ಮೀಟರ್-ಕೆಲ್ವಿನ್ ಪ್ರತಿ ವ್ಯಾಟ್) ಮೀರಬಾರದು. ದಪ್ಪವನ್ನು ಮೀಟರಿಗೆ ತಿರುಗಿಸಿ ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿದರೆ ಆರ್ ಸಿಗುತ್ತದೆ.

8 ಮಿ.ಮೀ. ಲ್ಯಾಮಿನೇಟ್‌ನ ಆರ್ ಸುಮಾರು 0.065. ಅದರಡಿ 3 ಮಿ.ಮೀ. ಎಕ್ಸ್‌ಪಿಎಸ್ (ಬಿಗಿಯಾದ ಪಾಲಿಸ್ಟೈರೀನ್ ಫೋಮ್) ಹಾಳೆ ಹಾಕಿದರೆ ಅದರ ಆರ್ ಸುಮಾರು 0.09. ಒಟ್ಟು 0.155, ಮಿತಿ ದಾಟಿತು. ಶಾಖ ಮೇಲೆ ಬಾರದೆ ಕೆಳಗೇ ಉಳಿಯುತ್ತದೆ. ಇದರ ಬದಲು 1.5 ಮಿ.ಮೀ.ನ ಖನಿಜ ಬೆರೆತ ಪಾಲಿಯುರೆಥೇನ್ ಹಾಸಿನ ಆರ್ ಸುಮಾರು 0.01 ಮಾತ್ರ ಇರುವುದರಿಂದ ಒಟ್ಟು 0.075ರಲ್ಲೇ ನಿಲ್ಲುತ್ತದೆ. ಬೆಚ್ಚಗಿರಲೆಂದು ಶಾಖನಿರೋಧಕ ಹಾಸು ಕೊಳ್ಳುವ ವಾಡಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮರದ ನೆಲದ ಮೇಲ್ಮೈ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಮೀರದಂತೆಯೂ ನೋಡಿಕೊಳ್ಳಬೇಕು.

ಹಂತ 8: ಈಗ ವಸ್ತುವನ್ನು ಆರಿಸಿ

ಇಷ್ಟು ಉತ್ತರಗಳು ಕೈಯಲ್ಲಿದ್ದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಸುರುಳಿಯಲ್ಲಿ ಬರುವ ಬಿಳಿಯ ಪಾಲಿಥೀನ್ ಫೋಮ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ ಚಪ್ಪಟೆಯಾಗುವಂಥದ್ದು. ಅಪರೂಪಕ್ಕೆ ಬಳಸುವ ಕೋಣೆಗಷ್ಟೇ ಸಾಕು. ಎಕ್ಸ್‌ಪಿಎಸ್ ಹಾಳೆಗಳು ಬಿಗಿಯಾಗಿರುತ್ತವೆ, ಸಣ್ಣ ಏರುಪೇರನ್ನು ಚೆನ್ನಾಗಿ ತಾಳುತ್ತವೆ. ಬಿಸಿ ವ್ಯವಸ್ಥೆ ಇಲ್ಲದ ಬಹುಪಾಲು ಕೋಣೆಗಳಿಗೆ ಇದೇ ಸಮತೋಲನದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಮರದ ನಾರಿನ ಹಲಗೆಗಳು 4ರಿಂದ 7 ಮಿ.ಮೀ. ದಪ್ಪವಿದ್ದರೂ ಗಟ್ಟಿಯಾಗಿರುವುದರಿಂದ ಲಾಕ್‌ಗೆ ತೊಂದರೆ ಕೊಡುವುದಿಲ್ಲ, ಸದ್ದನ್ನೂ ಚೆನ್ನಾಗಿ ಹಿಡಿಯುತ್ತವೆ. ಆದರೆ ನೀರು ತಾಗಿದರೆ ಊದುತ್ತವೆ, ಕಾಂಕ್ರೀಟಿನ ಮೇಲೆ ಆವಿತಡೆ ಇಲ್ಲದೆ ಹಾಕುವಂತಿಲ್ಲ.

ಕಾರ್ಕ್ ದೀರ್ಘಕಾಲ ತನ್ನ ದಪ್ಪವನ್ನು ಉಳಿಸಿಕೊಳ್ಳುತ್ತದೆ. ಇದಕ್ಕೂ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕು. ಎಂಜಿನಿಯರ್ಡ್ ಮರಕ್ಕೆ ಇದು ಒಳ್ಳೆಯ ಜೋಡಿ. ರಬ್ಬರ್ ಹಾಸುಗಳು ಸದ್ದಿಗೆ ಉತ್ತಮ, ಆದರೆ ಮುಚ್ಚಿದ ಕೋಣೆಯಲ್ಲಿ ಕೆಲಕಾಲ ವಾಸನೆ ಬಿಡುತ್ತವೆ. ವಿನೈಲ್‌ಗೆ ನೇರವಾಗಿ ತಾಗಿದರೆ ಕಲೆ ಮೂಡಿಸುತ್ತವೆ. ಬೆನ್ನಿಗೇ ಆವಿತಡೆ ಹಾಳೆ ಅಂಟಿಸಿ ಬರುವ ಜಂಟಿ ಹಾಸುಗಳು ಕೆಲಸ ಉಳಿಸುತ್ತವೆ. ಅವನ್ನು ಮರದ ಅಡಿನೆಲದ ಮೇಲೆ ಹಾಕಬಾರದೆಂಬ ಹಂತ 2ರ ಎಚ್ಚರ ಅವಕ್ಕೂ ಅನ್ವಯಿಸುತ್ತದೆ. ಪ್ಯಾಕಿಂಗ್‌ಗೆ ಬಳಸುವ ಗುಳ್ಳೆ ಪ್ಲಾಸ್ಟಿಕ್ ಅಂಡರ್‌ಲೇ ಅಲ್ಲ.

ಹಂತ 9: ದಪ್ಪ ಮತ್ತು ಪ್ರಮಾಣ

ಕ್ಲಿಕ್ ಲ್ಯಾಮಿನೇಟ್ ಅಡಿಯಲ್ಲಿ ಫೋಮ್ ಜಾತಿಯ ಹಾಸಿಗೆ 2ರಿಂದ 3 ಮಿ.ಮೀ. ಸಾಕು, 3 ಮೀರಲು ಹಲಗೆ ತಯಾರಕರ ಲಿಖಿತ ಒಪ್ಪಿಗೆ ಬೇಕು. 8 ಮಿ.ಮೀ. ಹಲಗೆ ಮತ್ತು 3 ಮಿ.ಮೀ. ಹಾಸು ಸೇರಿ ನೆಲ 11 ಮಿ.ಮೀ. ಏರುತ್ತದೆ. ಬಾಗಿಲು ತೆರೆಯುತ್ತದೆಯೇ, ಹೊಸ್ತಿಲಿನ ಮಟ್ಟ ಎಲ್ಲಿಗೆ ಬರುತ್ತದೆ ಎಂದು ಹಲಗೆ ಮತ್ತು ಹಾಸಿನ ತುಂಡುಗಳನ್ನು ಇಟ್ಟು ನೋಡಿ.

ಕೋಣೆಯ ವಿಸ್ತೀರ್ಣದಷ್ಟೇ ಆವಿತಡೆ ಹಾಳೆ ತಂದವರು ಕೊನೆಯ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. 4 ಮೀಟರ್ ಉದ್ದ, 3.6 ಮೀಟರ್ ಅಗಲದ ಕೋಣೆಯನ್ನು ತೆಗೆದುಕೊಳ್ಳಿ. ವಿಸ್ತೀರ್ಣ 14.4 ಚದರ ಮೀಟರ್. ಎರಡು ಮೀಟರ್ ಅಗಲದ ಹಾಳೆಯ ಎರಡು ಪಟ್ಟಿಗಳನ್ನು 20 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಹಾಸಿದರೆ 3.8 ಮೀಟರ್ ಸಿಗುತ್ತದೆ. ಎರಡೂ ಗೋಡೆಗಳ ಮೇಲೆ 5 ಸೆಂ.ಮೀ. ಮಡಚಿದರೂ ಸಾಲುತ್ತದೆ. ಉದ್ದದಲ್ಲೂ ಇದೇ ಮಡಿಕೆ ಸೇರಿಸಿದರೆ ಪ್ರತಿ ಪಟ್ಟಿ 4.1 ಮೀಟರ್. ಒಟ್ಟು 16.4 ಚದರ ಮೀಟರ್, ಅಂದರೆ ವಿಸ್ತೀರ್ಣಕ್ಕಿಂತ 14 ಶೇಕಡಾ ಹೆಚ್ಚು. ಅಂಡರ್‌ಲೇಗಾದರೆ 5 ಶೇಕಡಾ ಹೆಚ್ಚು ತಂದರೆ ಸಾಕು, ಏಕೆಂದರೆ ಅದನ್ನು ಒಂದರ ಮೇಲೊಂದು ಹಾಸುವುದಿಲ್ಲ.

ಹಂತ 10: ಹಾಸುವ ಕ್ರಮ

ಹಲಗೆಯ ಡಬ್ಬಿಗಳನ್ನು ತೆರೆಯದೆ ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಿ. ನೆಲವನ್ನು ಗುಡಿಸಿ, ಆಮೇಲೆ ಯಂತ್ರದಿಂದ ಧೂಳೆಳೆಯಿರಿ. ಹಾಳೆಯಡಿ ಉಳಿದ ಒಂದು ಕಲ್ಲಿನ ಚೂರು ಅದನ್ನು ತೂತು ಮಾಡುತ್ತದೆ.

ಮೊದಲು ಆವಿತಡೆ ಹಾಳೆ: ಪಟ್ಟಿಗಳು 20 ಸೆಂ.ಮೀ. ಒಂದರ ಮೇಲೊಂದು ಬರಬೇಕು, ಸೇರುವಲ್ಲೆಲ್ಲ ಟೇಪು, ಗೋಡೆಯ ಬದಿಯಲ್ಲಿ ಮೇಲಕ್ಕೆ ಮಡಿಕೆ. ಮಡಿಕೆಯನ್ನು ಸ್ಕರ್ಟಿಂಗ್ ಹಾಕುವ ಹೊತ್ತಿಗೆ ಕತ್ತರಿಸಿದರೆ ಸಾಕು. ಅದರ ಮೇಲೆ ಅಂಡರ್‌ಲೇ: ಇದರ ಅಂಚುಗಳು ಒಂದಕ್ಕೊಂದು ತಾಗಬೇಕೇ ಹೊರತು ಒಂದರ ಮೇಲೊಂದು ಬರಬಾರದು. ಒಂದರ ಮೇಲೊಂದು ಬಂದ ಕಡೆ ಉದ್ದಕ್ಕೂ ಏಣು ಮೂಡಿ, ಹಲಗೆ ಅದರ ಮೇಲೆ ತೂಗಾಡುತ್ತದೆ. ಹಾಸಿನ ಸಂದುಗಳೂ ಹಲಗೆಯ ಸಂದುಗಳೂ ಒಂದೇ ಗೆರೆಗೆ ಬಾರದಿರಲೆಂದು ಅಂಡರ್‌ಲೇಯನ್ನು ಹಲಗೆಯ ದಿಕ್ಕಿಗೆ ಅಡ್ಡಲಾಗಿ ಹಾಸುವುದು ಒಳ್ಳೆಯದು. ಯಾವ ಬದಿ ಮೇಲೆ ಬರಬೇಕೆಂಬುದು ಒಂದೊಂದು ಸರಕಿಗೆ ಒಂದೊಂದು ರೀತಿ. ಮುದ್ರಿತ ಸೂಚನೆಯನ್ನೇ ನೋಡಿ.

ಇಡೀ ಕೋಣೆಗೆ ಒಮ್ಮೆಲೇ ಹಾಸಿ ಅದರ ಮೇಲೆ ಓಡಾಡಬೇಡಿ. ಎರಡು ಮೂರು ಸಾಲು ಹಲಗೆಗೆ ಬೇಕಾದಷ್ಟು ಹಾಸುತ್ತ, ಹಲಗೆ ಜೋಡಿಸುತ್ತ ಮುಂದುವರಿಯಿರಿ. ಗೋಡೆಯ ಸುತ್ತ, ಕೊಳವೆಗಳ ಸುತ್ತ, ಬಾಗಿಲ ಚೌಕಟ್ಟಿನಡಿ ತಯಾರಕರು ಹೇಳಿದಷ್ಟು ಸಂದು, ಸಾಮಾನ್ಯವಾಗಿ 8ರಿಂದ 10 ಮಿ.ಮೀ., ಬಿಡಬೇಕು. ಸಡಿಲ ನೆಲದ ಮೂಲಕ ಎಲ್ಲಿಯೂ ಸ್ಕ್ರೂ ಇಳಿಸಬಾರದು. ಅಡುಗೆಮನೆಯ ಸ್ಥಿರ ಕಟ್ಟೆಗಳನ್ನು ಮೊದಲು ಕೂರಿಸಿ, ನೆಲವನ್ನು ಅವುಗಳ ಸುತ್ತ ಹಾಸಬೇಕು.

ಹಾಸಿದ ಮೇಲೆ ಗಮನಿಸಬೇಕಾದ ಲಕ್ಷಣಗಳು

ಕೋಣೆಯ ನಡುವೆ ನೆಲ ಮೇಲಕ್ಕೆ ಉಬ್ಬಿದ್ದರೆ ಅಂಡರ್‌ಲೇಯನ್ನು ದೂರುವ ಮುನ್ನ ಒಂದು ಸ್ಕರ್ಟಿಂಗ್ ಬಿಚ್ಚಿ ನೋಡಿ. ಹಲಗೆ ಗೋಡೆಗೆ ತಾಗಿ ನಿಂತಿರುವ ಸಂಭವ ಹೆಚ್ಚು. ಒಂದೇ ಜಾಗದಲ್ಲಿ ನೆಲ ಕೆಳಗಿಳಿದು ಟೊಳ್ಳು ಸದ್ದು ಬಂದರೆ ಅಲ್ಲಿ ತುಂಬದೆ ಬಿಟ್ಟ ತಗ್ಗಿದೆ. ಓಡಾಟದ ದಾರಿಯುದ್ದಕ್ಕೂ ಹಲಗೆಗಳ ಸಂದು ತೆರೆದುಕೊಳ್ಳುತ್ತಿದ್ದರೆ ಹಾಸು ಚಪ್ಪಟೆಯಾಗಿದೆ, ಲಾಕ್ ಮುರಿಯುತ್ತಿದೆ. ನೀರು ಚೆಲ್ಲದಿದ್ದರೂ ಲ್ಯಾಮಿನೇಟ್ ಅಂಚುಗಳು ಸಾಲಾಗಿ ಊದಿದರೆ, ಮರದ ಹಲಗೆ ಎರಡೂ ಅಂಚಿನಲ್ಲಿ ಎದ್ದು ನಡುವೆ ತಗ್ಗಾದರೆ, ಅಥವಾ ಮುಗ್ಗಲು ವಾಸನೆ ಬರತೊಡಗಿದರೆ ಕೆಳಗಿನಿಂದ ತೇವ ಏರುತ್ತಿದೆ ಎಂದು ತಿಳಿಯಬೇಕು. ಇದರಲ್ಲಿ ಕಾಯುವುದಕ್ಕೆ ಅರ್ಥವಿಲ್ಲ.

ಸಡಿಲ ನೆಲವನ್ನು ಹತ್ತಿರದ ಗೋಡೆಯ ಕಡೆಯಿಂದ ಸಾಲು ಸಾಲಾಗಿ ಬಿಚ್ಚುತ್ತ ಕೆಟ್ಟ ಜಾಗದವರೆಗೆ ಹೋಗಬಹುದು. ಬಿಚ್ಚಿದ ಪ್ರತಿ ಹಲಗೆಯ ಬೆನ್ನಿನ ಮೇಲೆ ಸಾಲು ಮತ್ತು ಸ್ಥಾನದ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದಿಡಿ, ನಾಲಿಗೆ ಸೀಳಿದ ಹಲಗೆಗಳನ್ನು ಬೇರೆ ಇಡಿ. ಅಡಿನೆಲ ಒಣಗಿದೆಯೆಂದು ಹಂತ 3ರಂತೆ ಮತ್ತೆ ಅಳೆದು, ತಗ್ಗು ತುಂಬಿ, ತೆಗೆದ ಭಾಗಕ್ಕೆ ಸುತ್ತಲಿನಷ್ಟೇ ದಪ್ಪದ, ಸಾಧ್ಯವಾದರೆ ಅದೇ ಸರಕಿನ ಅಂಡರ್‌ಲೇ ಹಾಕಿ. ಬೇರೆ ದಪ್ಪದ ತುಂಡು ಸೇರಿಸಿದರೆ ಆ ಗೆರೆಯಲ್ಲೇ ಮುಂದಿನ ಲಾಕ್ ಮುರಿಯುತ್ತದೆ.